ಒನ್ ಟು ಒನ್‌ಗೆ ತಯಾರಿ: ಡೈರಿ, ಶೇರ್ಡ್ ಡಾಕ್, ವಾಟ್ಸಾಪ್, ಚಾಟ್‌ಜಿಪಿಟಿ ಎಲ್ಲಾ ಮಾಡಿ ನೋಡಿದ ಮೇಲೆ

ಹುಬ್ಬಳ್ಳಿಯ ಗೋಕುಲ ರೋಡ್ ಕಡೆ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನನ್ನದು ನಡುವಿನ ಹುದ್ದೆ. ಮೇಲೆ ಬೆಂಗಳೂರಿನಲ್ಲಿ ಕೂರುವ ಮ್ಯಾನೇಜರ್, ಕೆಳಗೆ ಐದಾರು ಜನರ ಟೀಮ್. ಹಾಗಾಗಿ ಒಂದು ದಿನ ಉತ್ತರ ಕೊಡುವ ಕುರ್ಚಿ, ಇನ್ನೊಂದು ದಿನ ಪ್ರಶ್ನೆ ಕೇಳುವ ಕುರ್ಚಿ. ಒನ್ ಟು ಒನ್, ಅಂದರೆ ಮ್ಯಾನೇಜರೂ ಅವರ ಕೆಳಗಿನ ಒಬ್ಬರೂ ಮಾತ್ರ ಕೂತು ಮಾತಾಡುವ ಮೀಟಿಂಗ್, ಅದರ ಬಗ್ಗೆ ಸಲಹೆ ಕೊಡುವವರಿಗೆ ಏನೂ ಬರ ಇಲ್ಲ. ಅಜೆಂಡಾ ಮಾಡಿ, ಪ್ರಶ್ನೆ ಬರೆದಿಟ್ಟುಕೊಳ್ಳಿ, ಮನಸ್ಸು ಬಿಚ್ಚಿ ಮಾತಾಡಿ ಅಂತಾರೆ. ಸರಿ, ಆದರೆ ಎಲ್ಲಿ ಬರೆಯಬೇಕು, ಯಾವಾಗ ಬರೆಯಬೇಕು, ಬರೆದದ್ದನ್ನು ಎದುರಿನವರಿಗೆ ಮೊದಲೇ ತೋರಿಸಬೇಕಾ ಬೇಡವಾ? ಅದನ್ನು ಯಾರೂ ಹೇಳುವುದಿಲ್ಲ. ನನ್ನ ಪ್ರಕಾರ ಮೀಟಿಂಗ್ ಚೆನ್ನಾಗಿ ಆಗೋದು, ಕೆಡೋದು ಅಲ್ಲೇ.

ಯಾವುದು ಕೆಲಸಕ್ಕೆ ಬಂತು ಅಂತ ಹೇಳೋಕೆ ನಾನು ನೋಡುವುದು ಇಷ್ಟು. ಆ ಅರ್ಧ ಗಂಟೆಯಲ್ಲಿ ಏನಾದರೂ ತೀರ್ಮಾನ ಆಯ್ತಾ? ಕೆಟ್ಟ ಸುದ್ದಿ ಮೊದಲೇ ಗೊತ್ತಾಯ್ತಾ, ಇಲ್ಲಾ ಕ್ಲೈಂಟ್ ಬೈದ ಮೇಲೆ ಗೊತ್ತಾಯ್ತಾ? ಹೋದ ಸಲ ಆಡಿದ ಮಾತನ್ನೇ ಈ ಸಲ ಮತ್ತೆ ಆಡಿದೆವಾ? ಯಾವ ಕೆಲಸ ಎಲ್ಲಿಗೆ ಬಂತು ಅಂತ ಹೇಳೋಕೆ ದಿನಾ ಬೆಳಿಗ್ಗೆ ಸ್ಟ್ಯಾಂಡ್-ಅಪ್ ಅನ್ನುವ ಚಿಕ್ಕ ಮೀಟಿಂಗ್ ಇದೆ, ಕೆಲಸಗಳ ಪಟ್ಟಿ ತೋರಿಸುವ ಜಿರಾ ಬೋರ್ಡ್ ಇದೆ. ಒನ್ ಟು ಒನ್‌ನಲ್ಲೂ ಅದೇ ಓದಿದರೆ ಇಬ್ಬರ ಟೈಮೂ ದಂಡ.

ಏನೂ ತಯಾರಿ ಇಲ್ಲದೆ ಹೋಗಿ ಕೂರೋದು

ಇದನ್ನು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಜಾಸ್ತಿ ಜನ ಮಾಡೋದು ಇದನ್ನೇ. ನಮ್ಮ ಕಡೆ ಅದು ಹೆಚ್ಚು ಕಡಿಮೆ ಹೀಗೆ ನಡೆಯುತ್ತದೆ.

"ಎಲ್ಲಾ ಆರಾಮ?"

"ಹೂಂ ರೀ ಮೇಡಂ, ಎಲ್ಲಾ ಆರಾಮ ಐತ್ರಿ."

"ಏನರ ತೊಂದ್ರಿ?"

"ಏನಿಲ್ರಿ."

ಅಲ್ಲಿಗೆ ಎರಡು ನಿಮಿಷ ಮುಗಿಯಿತು. ಉಳಿದ ಹೊತ್ತು ಸ್ಪ್ರಿಂಟ್, ಅಂದರೆ ಈ ಒಂದೆರಡು ವಾರದ ಕೆಲಸದ ಮಾತು. ತೊಂದರೆ ಇಲ್ಲ ಅಂತಲ್ಲ, ಇದೆ. ಆದರೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಹುಡುಗ ಹುಡುಗಿಯರಿಗೆ ದೊಡ್ಡವರ ಎದುರು ತೊಂದರೆ ಹೇಳೋದು ಅಂದರೆ ಯಾರದೋ ಮೇಲೆ ದೂರು ಹೇಳಿದ ಹಾಗೆ. ಅದಕ್ಕೇ "ಏನಿಲ್ರಿ" ಅಂತ ಮರ್ಯಾದೆಯಿಂದ ಮುಚ್ಚಿಬಿಡುತ್ತಾರೆ. ಇನ್ನೊಂದು ಸಮಸ್ಯೆ ಏನಂದರೆ, ತಯಾರಿ ಇಲ್ಲದಿದ್ದರೆ ಬಾಯಿಗೆ ಬರೋದು ನಿನ್ನೆ ಮೊನ್ನೆಯದು ಮಾತ್ರ. ಮೂರು ವಾರದ ಹಿಂದೆ ಆದ ನಿಜವಾದ ಅಡಚಣೆ ಮರೆತುಹೋಗಿರುತ್ತದೆ, ನಿನ್ನೆ ಬಿಲ್ಡ್ ಕೈಕೊಟ್ಟಿದ್ದೇ ದೊಡ್ಡ ವಿಷಯ ಆಗುತ್ತದೆ.

ಆದರೂ ಇದನ್ನು ಪೂರ್ತಿ ತೆಗೆದುಹಾಕಲಾರೆ. ಮನೆಯಲ್ಲಿ ಯಾರಿಗೋ ಆರಾಮಿಲ್ಲ ಅಂತ ವಾರ ರಜೆ ಹಾಕಿ ಬಂದವರ ಎದುರು ಅಜೆಂಡಾ ಹಿಡಿದು ಕೂತರೆ ಚೆನ್ನಾಗಿರೋದಿಲ್ಲ. ಅವತ್ತು ಕೈ ಖಾಲಿ ಇಟ್ಟುಕೊಂಡೇ ಹೋಗಬೇಕು.

ಡೈರಿ

ಕೊಪ್ಪಿಕರ್ ರೋಡಿನಲ್ಲಿ ಸಿಗುವ ಸಾದಾ ಗೆರೆ ಹಾಕಿದ ಲಾಂಗ್ ಬುಕ್ ಸಾಕು. ದುಬಾರಿ ಕವರಿನ ಡೈರಿ ತಗೊಂಡರೆ ಎಲ್ಲಿ ಕೆಡುತ್ತದೋ ಅಂತ ಅದರಲ್ಲಿ ಬರೆಯೋಕೇ ಕೈ ಬರೋದಿಲ್ಲ. ಒಬ್ಬೊಬ್ಬರಿಗೆ ಒಂದಷ್ಟು ಹಾಳೆ ಬಿಟ್ಟಿರುತ್ತೇನೆ. ಎಡಗಡೆ ಪುಟದಲ್ಲಿ ನಾನು ಕೇಳಬೇಕಾದದ್ದು, ಬಲಗಡೆ ಪುಟದಲ್ಲಿ ಅವರು ಹೇಳಿದ್ದು. ಎಡಪುಟ ಮೀಟಿಂಗಿನ ಹಿಂದಿನ ರಾತ್ರಿ ತುಂಬೋದಲ್ಲ, ವಾರ ಪೂರ್ತಿ ತಾನಾಗಿ ತುಂಬುತ್ತಾ ಹೋಗುತ್ತದೆ. ಸೋಮವಾರದ ರಿವ್ಯೂನಲ್ಲಿ ಒಬ್ಬ ಹುಡುಗ ಏನೋ ಹೇಳೋಕೆ ಬಾಯಿ ತೆರೆದು, ಸೀನಿಯರ್ ನಡುವೆ ಮಾತಾಡಿದ್ದರಿಂದ ಸುಮ್ಮನಾದ ಅಂತಿಟ್ಟುಕೊಳ್ಳಿ. ಆಗಲೇ ಒಂದು ಸಾಲು: "ಏನೋ ಹೇಳೋಕೆ ಹೋಗಿ ಬಿಟ್ಟ. ಏನದು?" ಗುರುವಾರ ಅದನ್ನು ಕೇಳಿದಾಗ, ಆ ಸೀನಿಯರ್ ಹೇಳಿದ ಡೇಟಾಬೇಸ್ ಬದಲಾವಣೆಯಿಂದ ಹಳೇ ರಿಪೋರ್ಟ್ ಒಡೆಯುತ್ತದೆ ಅಂತ ಅವನಿಗೆ ಮೊದಲೇ ಗೊತ್ತಿತ್ತು ಅನ್ನೋದು ಹೊರಗೆ ಬರುತ್ತದೆ. ಇಂಥ ಮಾತು ಬೇರೆ ಯಾವ ದಾರಿಯಲ್ಲೂ ಹೊರಗೆ ಬರೋದನ್ನು ನಾನು ನೋಡಿಲ್ಲ.

ಡೈರಿಯ ದೊಡ್ಡ ಗುಣ ಇದೇ. ಅಲ್ಲಿ ಅರ್ಧಂಬರ್ಧ ಅನುಮಾನ ಬರೆಯಬಹುದು. "ಇತ್ತೀಚೆಗೆ ಕ್ಯಾಮೆರಾ ಆನ್ ಮಾಡ್ತಿಲ್ಲ", "ಊಟಕ್ಕೆ ಒಬ್ಬಳೇ ಹೋಗ್ತಾಳೆ" ಅಂತೆಲ್ಲ. ಬೇರೆಯವರು ಓದಿದರೆ ತಪ್ಪು ತಿಳಿಯುವ ಸಾಲುಗಳು ಇವು. ನಾನೇ ಓದೋದಾದರೆ ಸುಮ್ನೆ ಒಂದು ಗುರುತು ಅಷ್ಟೇ, ಕೇಳಿ ನೋಡಬೇಕು ಅಂತ. ಕೇಳಿದ ಮೇಲೆ ಅರ್ಧದಷ್ಟು ಅನುಮಾನ ಸುಳ್ಳಾಗುತ್ತವೆ, ಆಗಬೇಕಾದದ್ದೂ ಹಾಗೇ. ಕ್ಯಾಮೆರಾ ಆನ್ ಮಾಡದ ಹುಡುಗಿಯ ಪಿಜಿಯಲ್ಲಿ ನೆಟ್ ಸರಿ ಇರಲಿಲ್ಲ, ಅಷ್ಟೇ ವಿಷಯ.

ಎದುರು ಕೂತಾಗ ನಡುವೆ ಲ್ಯಾಪ್‌ಟಾಪ್ ಇಲ್ಲದಿರೋದೂ ದೊಡ್ಡ ಲಾಭ. ಕೀಬೋರ್ಡ್ ಸದ್ದು ಕೇಳಿದ ಕೂಡಲೇ ಮಾತು ಚಿಕ್ಕದಾಗುತ್ತದೆ. ಯಾವುದೋ ರೆಕಾರ್ಡಿಗೆ ಹೋಗ್ತಿದೆ ಅನ್ನುವ ಅಳುಕು. ಪುಸ್ತಕ ಮೇಜಿನ ಮೇಲೆ ತೆರೆದೇ ಇಟ್ಟು, ಅವರಿಗೂ ಕಾಣುವ ಹಾಗೆ ಬಲಪುಟದಲ್ಲಿ ಬರೆದರೆ ಆ ಅಳುಕು ಕಡಿಮೆ. ಎಡಪುಟ ಕಾಣಬಾರದಲ್ಲ? ಅದರ ಮೇಲೆ ಒಂದು ಹಾಳೆ ಮುಚ್ಚಿಟ್ಟರಾಯ್ತು.

ಇನ್ನು ಕಷ್ಟಗಳು. ಪುಸ್ತಕ ಮನೆಯಲ್ಲೇ ಬಿಟ್ಟುಹೋದರೆ ಅವತ್ತಿನ ತಯಾರಿ ಪೂರ್ತಿ ಹೋಯಿತು. ಅಪ್ರೈಸಲ್ (ವರ್ಷದ ಕೆಲಸದ ಮೌಲ್ಯಮಾಪನ) ಹೊತ್ತಿಗೆ ವರ್ಷದ ಪುಟ ತಿರುವಿ ಹಾಕಿ ಹುಡುಕಬೇಕು, ಸರ್ಚ್ ಬಟನ್ ಇರೋದಿಲ್ಲ. ಬೆಳಿಗ್ಗೆ ಧಾರವಾಡದಿಂದ ಬರುವ ಚಿಗರಿ ಬಸ್ಸಿನಲ್ಲಿ ಒಂದು ಕೈಲಿ ಹಿಡಿಕೆ, ಒಂದು ಕೈಲಿ ಬ್ಯಾಗು, ಪೆನ್ನು ತೆಗೆಯೋದು ಎಲ್ಲಿಂದ? ಆದರೆ ಇವೆಲ್ಲಕ್ಕಿಂತ ದೊಡ್ಡ ಕೊರತೆ ಬೇರೆ ಇದೆ. ಡೈರಿಯಲ್ಲಿ ಏನಿದೆ ಅಂತ ಎದುರಿನವರಿಗೆ ಗೊತ್ತಿರೋದಿಲ್ಲ. ನಾನು "ಆ ಪೇಮೆಂಟ್ ಮಾಡ್ಯೂಲ್ ಇನ್ನೂ ಎಷ್ಟು ದಿನ ಹಿಡಿಯುತ್ತೆ, ಯಾರ ಸಹಾಯ ಬೇಕು?" ಅಂತ ತಟ್ಟನೆ ಕೇಳಿದರೆ ಪಾಪ ಅವರು ಏನು ಹೇಳಬೇಕು? "ನೋಡಿ ಹೇಳ್ತೀನ್ರಿ" ಅಂತಾರೆ. ನೋಡಿ ಹೇಳೋದು ಮುಂದಿನ ಸಲಕ್ಕೆ ಹೋಯಿತು, ಎರಡು ವಾರ ಕಳೆಯಿತು.

ಶೇರ್ಡ್ ಡಾಕ್

ಶೇರ್ಡ್ ಡಾಕ್ ಅಂದರೆ ಇಬ್ಬರೂ ತೆರೆದು ಬರೆಯಬಹುದಾದ ಆನ್‌ಲೈನ್ ಕಡತ. ಅದರಲ್ಲಿ ವಿಷಯಗಳ ಪಟ್ಟಿ ಯಾರು ಮಾಡಬೇಕು? ಇಂಟೆಲ್ ಕಂಪನಿಯನ್ನು ಬೆಳೆಸಿದವರಲ್ಲಿ ಒಬ್ಬರಾದ ಆಂಡಿ ಗ್ರೋವ್ 1980ರ ದಶಕದಲ್ಲೇ ಒನ್ ಟು ಒನ್ ತಯಾರಿಯ ಬಗ್ಗೆ ಬರೆದಿದ್ದರು. ಒನ್ ಟು ಒನ್ ಅಂದರೆ ಕೆಳಗಿನವರ ಮೀಟಿಂಗ್, ಏನು ಮಾತಾಡಬೇಕು ಅಂತ ಪಟ್ಟಿ ಮಾಡೋದು ಆ ಕೆಳಗಿನವರ ಕೆಲಸ ಅನ್ನೋದು ಗ್ರೋವ್ ಅವರ ವಾದ. ಅದಕ್ಕೆ ಅವರು ಕೊಟ್ಟ ಕಾರಣ ನನಗೆ ಬಹಳ ಹಿಡಿಸಿತು, ಯಾಕೆಂದರೆ ಅದು ಬರೀ ಲೆಕ್ಕ. ಒಬ್ಬ ಮ್ಯಾನೇಜರ್ ಕೆಳಗೆ 8 ಜನ ಇದ್ದರೆ, ಮ್ಯಾನೇಜರೇ ತಯಾರಿ ಮಾಡೋದಾದರೆ 8 ಸಲ ಮಾಡಬೇಕು. ಆ ಎಂಟೂ ಜನ ತಮ್ಮ ತಮ್ಮದು ಮಾಡಿಕೊಂಡು ಬಂದರೆ ಒಬ್ಬೊಬ್ಬರಿಗೆ ಒಂದೇ ಸಲ. ಬೆಂಗಳೂರಿನ ನನ್ನ ಮ್ಯಾನೇಜರ್ ಸರ್ ಕೆಳಗೆ ಅದಕ್ಕಿಂತ ಜಾಸ್ತಿ ಜನ ಇದ್ದಾರೆ. ಅವರು ನನ್ನ ವಿಷಯ ನೆನಪಿಟ್ಟುಕೊಂಡು ಬರಲಿ ಅಂತ ಕಾಯೋದರಲ್ಲಿ ಅರ್ಥ ಇಲ್ಲ.

ಹಾಗಾಗಿ ಮೇಲಿನವರ ಜೊತೆಗಿನ ಮೀಟಿಂಗಿಗೆ ನಾನು ಕಣ್ಣು ಮುಚ್ಚಿ ಡಾಕ್ ಅನ್ನೇ ಆರಿಸುತ್ತೇನೆ. ಗೂಗಲ್ ಡಾಕ್ ಒಂದೇ, ಹೊಸ ತಾರೀಖು ಮೇಲೆ, ಹಳೆಯದು ಕೆಳಗೆ. ಪ್ರತಿ ವಿಷಯದ ಮುಂದೆ ಮೂರರಲ್ಲಿ ಒಂದು ಗುರುತು: "ತೀರ್ಮಾನ ಬೇಕು", "ಸಹಾಯ ಬೇಕು", "ಗೊತ್ತಿರಲಿ". ಈ ಮೂರನೆಯದು ಇದೆಯಲ್ಲ, ಅದು ಓದೋಕೆ ಮಾತ್ರ, ಅದರ ಬಗ್ಗೆ ಮಾತೇ ಬೇಡ. ಈ ಗುರುತು ಹಾಕೋಕೆ ಶುರು ಮಾಡಿದ ಮೇಲೆ ಅರ್ಧ ಗಂಟೆಯ ಕಾಲ್ ಎಷ್ಟೋ ಸಲ ಇಪ್ಪತ್ತು ನಿಮಿಷಕ್ಕೇ ಮುಗಿಯುತ್ತದೆ, ಅದೂ ಮುಗಿದ ಹಾಗೆ ಮುಗಿಯುತ್ತದೆ. ಹಿಂದಿನ ದಿನ ಮಧ್ಯಾಹ್ನವೇ ಲಿಂಕ್ ಕಳಿಸಬೇಕು. ಮೀಟಿಂಗಿಗೆ ಹತ್ತು ನಿಮಿಷ ಇರುವಾಗ ಕಳಿಸಿದರೆ ಅವರು ಓದೋದಿಲ್ಲ, ಓದಿದರೂ ಯೋಚನೆ ಮಾಡಿರೋದಿಲ್ಲ. "ತೀರ್ಮಾನ ಬೇಕು" ಅನ್ನೋದು ಎರಡಕ್ಕಿಂತ ಜಾಸ್ತಿ ಇದ್ದರೆ ನಾನೇ ಕತ್ತರಿಸುತ್ತೇನೆ. ಮೂರನೇ ತೀರ್ಮಾನಕ್ಕೆ ಯಾವತ್ತೂ ಟೈಮ್ ಸಿಕ್ಕಿಲ್ಲ.

ಇದೇ ಡಾಕ್ ಅನ್ನು ನನ್ನ ಟೀಮಿನ ಮೇಲೆ ಪ್ರಯೋಗ ಮಾಡಿದರೆ ಕಥೆಯೇ ಬೇರೆ. ಅಲ್ಲಿ ಬಂದದ್ದು ಹೀಗೆ: "ವರ್ಕಿಂಗ್ ಆನ್ ಲಾಗಿನ್ ಪೇಜ್. ನೋ ಬ್ಲಾಕರ್ಸ್." ಎಲ್ಲರದೂ ಇದೇ. ಹೆಸರು ಮುಚ್ಚಿದರೆ ಯಾರದ್ದು ಯಾವುದು ಅಂತ ಹೇಳೋಕೆ ಆಗುತ್ತಿರಲಿಲ್ಲ. ಬಾಯಲ್ಲಿ "ಏನಿಲ್ರಿ" ಅಂದದ್ದು ಇಲ್ಲಿ ಇಂಗ್ಲಿಷಿನಲ್ಲಿ ಬಂತು, ಅಷ್ಟೇ ವ್ಯತ್ಯಾಸ. ಎಷ್ಟೋ ಜನ ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿ, ಇಂಜಿನಿಯರಿಂಗ್ ಮಾಡಿ ಬಂದವರು. ಕೋಡ್ ಬರೆಯೋದು ಪಟಪಟ ಬರುತ್ತದೆ. ಆದರೆ "ನನಗೆ ಆ ಕಾಲ್‌ನಲ್ಲಿ ಬೇಜಾರಾಯ್ತು" ಅಂತ ಇಂಗ್ಲಿಷಿನಲ್ಲಿ ಬರೆಯಬೇಕಾದರೆ, ಗ್ರಾಮರ್ ತಪ್ಪಾದೀತು ಅಂತ ಆ ಸಾಲನ್ನೇ ಬಿಟ್ಟುಬಿಡುತ್ತಾರೆ. ಕನ್ನಡದಲ್ಲೇ ಬರೆಯಿರಿ, ಫೋನಿನಲ್ಲಿ ಮಾತಾಡಿ ಟೈಪ್ ಮಾಡಿಸಿದರೂ ನಡೆಯುತ್ತೆ, ಕಾಗುಣಿತ ನಾನು ನೋಡೋದಿಲ್ಲ ಅಂತ ಹೇಳಿದೆ. ಗದಗಿನಿಂದ ದಿನಾ ರೈಲಿನಲ್ಲಿ ಬರುವ ಒಬ್ಬ ಹುಡುಗ ಆಮೇಲೆ ಬರೆದ ಸಾಲು ಇದು: "ಕ್ಲೈಂಟ್ ಕಾಲ್‌ನ್ಯಾಗ ನಾ ಹೇಳಿದ್ದ ಐಡಿಯಾನ ಇನ್ನೊಬ್ರು ಹೇಳಿದ್ರ ಎಲ್ಲಾರೂ ಹೌದು ಅಂತಾರ್ರಿ, ನಾ ಹೇಳಿದಾಗ ಯಾರೂ ಕೇಳಂಗಿಲ್ರಿ." ಒಂದೇ ಸಾಲು. ಅದರ ಮೇಲೆ ಇಡೀ ಮೀಟಿಂಗ್ ನಡೆಯಿತು, ಮುಂದಿನ ಕಾಲ್‌ನಲ್ಲಿ ಆ ಭಾಗ ಅವನೇ ಪ್ರೆಸೆಂಟ್ ಮಾಡೋದು ಅಂತ ತೀರ್ಮಾನವೂ ಆಯಿತು. ಟೀಮಿನ ಜೊತೆ ಡಾಕ್ ಬಳಸುವವರು ಬೇರೇನೂ ಮಾಡದಿದ್ದರೂ ಪರವಾಗಿಲ್ಲ, ಭಾಷೆ ಒಂದನ್ನು ಸಡಿಲ ಮಾಡಿ.

ಆದರೆ ಎಲ್ಲರೂ ಅವನಷ್ಟು ಬರೆಯೋದಿಲ್ಲ. ಬರೆಯದಿರೋದಕ್ಕೆ ಕಾರಣವೂ ಇದೆ. ಆ ಡಾಕ್ ಯಾವ ಫೋಲ್ಡರಿನಲ್ಲಿದೆ, ಆ ಫೋಲ್ಡರ್ ಯಾರಿಗೆಲ್ಲ ತೆರೆಯುತ್ತೆ ಅಂತ ಅವರು ನಮಗಿಂತ ಮೊದಲು ನೋಡಿರುತ್ತಾರೆ. ಹಿಂದೆ ನಾನಿದ್ದ ಒಂದು ಕಡೆ ಒನ್ ಟು ಒನ್ ನೋಟ್ಸ್ ಪ್ರಾಜೆಕ್ಟ್ ಫೋಲ್ಡರಿನಲ್ಲೇ ಇರುತ್ತಿದ್ದವು, ಇಡೀ ಡಿಪಾರ್ಟ್‌ಮೆಂಟ್ ಓದಬಹುದಿತ್ತು. ಅಲ್ಲಿ ಯಾರು ಏನು ಬರೆದಾರು? ಇನ್ನೊಂದು, ಸಾಲು ಅಳಿಸಿದರೂ ವರ್ಶನ್ ಹಿಸ್ಟರಿಯಲ್ಲಿ ಇದ್ದೇ ಇರುತ್ತದೆ, ಎಡಿಟ್ ಮಾಡುವ ಹಕ್ಕು ಇದ್ದವರು ತೆಗೆದು ನೋಡಬಹುದು. ಇದು ಗೊತ್ತಿರುವ ಹುಷಾರಿ ಹುಡುಗರು ಮೊದಲಿಗೇ ಬರೆಯೋದಿಲ್ಲ. ನನ್ನ ಟೀಮಿನ ಡಾಕ್‌ಗಳು ಈಗ ಇಬ್ಬರಿಗೆ ಮಾತ್ರ ತೆರೆಯುತ್ತವೆ. ಶೇರಿಂಗ್ ಸೆಟ್ಟಿಂಗ್ ಅನ್ನು ಮೊದಲ ದಿನ ಅವರ ಎದುರೇ ತೆಗೆದು ತೋರಿಸಿಬಿಡುತ್ತೇನೆ.

ಸಂಬಳದ ಮಾತು: ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ

ಡೈರಿಯಾ ಡಾಕಾ ಅನ್ನುವ ಪ್ರಶ್ನೆಗೆ ನನಗೆ ಸರಿಯಾದ ಉತ್ತರ ಸಿಕ್ಕಿದ್ದು ಸಂಬಳ, ಪ್ರಮೋಷನ್ ಮಾತಾಡುವಾಗ. ಮೊದಲೊಮ್ಮೆ ಇದನ್ನು ಡೈರಿಯಲ್ಲಿ ಬರೆದುಕೊಂಡು ಹೋಗಿದ್ದೆ. ಚೆನ್ನಾಗಿಯೇ ಹೇಳಿದೆ. ಸರ್ ಕೂಡ ಚೆನ್ನಾಗಿಯೇ ಕೇಳಿಸಿಕೊಂಡರು, "ಎಚ್‌ಆರ್ ಹತ್ರ ಮಾತಾಡಿ ಹೇಳ್ತೀನಿ" ಅಂದರು. ಅವರ ಜಾಗದಲ್ಲಿ ಯಾರಿದ್ದರೂ ಅಷ್ಟೇ ಹೇಳೋಕೆ ಸಾಧ್ಯ. ಬಜೆಟ್ ಎಷ್ಟಿದೆ, ಆ ಹುದ್ದೆ ಖಾಲಿ ಇದೆಯಾ ಅನ್ನೋದು ಆ ಹೊತ್ತಿಗೆ ಅವರಿಗೇ ಗೊತ್ತಿರೋದಿಲ್ಲ.

ಮುಂದಿನ ವರ್ಷ ಅದೇ ವಿಷಯ ಡಾಕ್‌ನಲ್ಲಿ ಹಾಕಿದೆ, ಅದೂ ಜನವರಿಯಲ್ಲೇ. ಆರ್ಥಿಕ ವರ್ಷ ಮುಗಿಯೋದು ಮಾರ್ಚ್ 31ಕ್ಕೆ, ಎಷ್ಟೋ ಕಡೆ ಮುಂದಿನ ವರ್ಷದ ಸಂಬಳದ ಬಜೆಟ್ ಅದಕ್ಕೂ ಮೊದಲೇ ಗಟ್ಟಿಯಾಗಿಬಿಟ್ಟಿರುತ್ತದೆ, ಅಪ್ರೈಸಲ್ ಪತ್ರ ಕೈಗೆ ಬಂದ ಮೇಲೆ ಕೇಳಿ ಪ್ರಯೋಜನ ಇಲ್ಲ. ಬರೆದದ್ದು ಇಷ್ಟೇ: "ಹುದ್ದೆ ಮತ್ತು ಸಂಬಳ, 15 ನಿಮಿಷ, ತೀರ್ಮಾನ ಬೇಕು." ಕೆಳಗೆ ವರ್ಷದಲ್ಲಿ ಮಾಡಿದ ಮೂರು ಕೆಲಸ, ಒಂದೊಂದಕ್ಕೆ ಒಂದೊಂದು ಸಾಲು. ವಾರ ಮೊದಲೇ ಕಳಿಸಿದ್ದರಿಂದ ಸರ್ ಎಚ್‌ಆರ್ ಹತ್ತಿರ ಮಾತಾಡಿಕೊಂಡೇ ಕಾಲ್‌ಗೆ ಬಂದರು. ಕೇಳಿದಷ್ಟೇ ಸಿಕ್ಕಿತಾ? ಇಲ್ಲ. ಆದರೆ ಎಷ್ಟು ಆಗುತ್ತೆ, ಯಾಕೆ ಅಷ್ಟು, ಉಳಿದದ್ದಕ್ಕೆ ಏನು ಮಾಡಬೇಕು ಅನ್ನೋದು ಒಂದೇ ಮೀಟಿಂಗಿನಲ್ಲಿ ಗೊತ್ತಾಯಿತು.

ಅದೇ ದಿನ ಲ್ಯಾಪ್‌ಟಾಪ್ ಪಕ್ಕದಲ್ಲಿ ಡೈರಿಯೂ ಇತ್ತು. ಅದರಲ್ಲಿ ಎರಡು ಸಾಲು. ಎಷ್ಟಕ್ಕಿಂತ ಕಡಿಮೆ ಆದರೆ ನಾನು ಒಪ್ಪೋದಿಲ್ಲ ಅನ್ನೋದು ಒಂದು. ಬೇರೆಯವರ ಸಂಬಳದ ಮಾತು ಎತ್ತಬಾರದು ಅನ್ನೋದು ಇನ್ನೊಂದು. ಇವು ಡಾಕ್‌ಗೆ ಹೋಗುವ ಮಾತಲ್ಲ, ಅಲ್ವಾ?

ಅವತ್ತಿನಿಂದ ನನ್ನ ವಿಂಗಡಣೆ ಸುಲಭ ಆಯಿತು. ಎದುರಿನವರೂ ತಯಾರಾಗಿ ಬರಬೇಕಾದ ವಿಷಯ, ಅಂದರೆ ಅವರು ಯಾರನ್ನೋ ಕೇಳಬೇಕು, ಏನೋ ಹುಡುಕಿ ನೋಡಬೇಕು, ಒಂದು ರಾತ್ರಿ ಯೋಚಿಸಬೇಕು ಅನ್ನುವಂಥದ್ದು ಡಾಕ್‌ಗೆ. ನಾನೊಬ್ಬಳೇ ತಯಾರಾದರೆ ಸಾಕು ಅನ್ನುವಂಥದ್ದು ಡೈರಿಗೆ. ಟೀಮಿನ ಜೊತೆಗೂ ಇದೇ ಲೆಕ್ಕ. ಪೇಮೆಂಟ್ ಮಾಡ್ಯೂಲ್ ಎಷ್ಟು ದಿನ ಅನ್ನೋದು ಡಾಕ್‌ಗೆ ಹೋಗಬೇಕು, ಊಟಕ್ಕೆ ಯಾಕೆ ಒಬ್ಬಳೇ ಹೋಗ್ತಾಳೆ ಅನ್ನೋದು ಡೈರಿಯಲ್ಲೇ ಇರಬೇಕು.

ವಾಟ್ಸಾಪ್‌ನಲ್ಲಿ ನಮಗೆ ನಾವೇ

2022ರ ಕೊನೆಗೆ ವಾಟ್ಸಾಪ್‌ನಲ್ಲಿ ತನಗೆ ತಾನೇ ಮೆಸೇಜ್ ಹಾಕಿಕೊಳ್ಳುವ ಸೌಕರ್ಯ ಬಂತು. ಅದಕ್ಕೂ ಮೊದಲು ಒಬ್ಬರೇ ಇರುವ ಗ್ರೂಪ್ ಮಾಡಿಕೊಂಡವರು ನಮ್ಮಲ್ಲಿ ಬಹಳ. ಹಿಡಿದಿಡೋದಕ್ಕೆ ಇದಕ್ಕಿಂತ ಬೇಗದ್ದು ಇಲ್ಲ. ಚಿಗರಿಯಲ್ಲಿ ನಿಂತೇ ಹತ್ತು ಸೆಕೆಂಡ್ ವಾಯ್ಸ್ ನೋಟ್ ಹಾಕಬಹುದು. ಡೈರಿ ಸೋಲುವ ಜಾಗದಲ್ಲಿ ಇದು ಗೆಲ್ಲುತ್ತದೆ.

ಆದರೆ ಅಲ್ಲೇ ಬಿಟ್ಟರೆ ಸತ್ತ ಹಾಗೆ. ಗ್ಯಾಸ್ ಬುಕಿಂಗ್ ನಂಬರು, ಮದುವೆ ಕಾರ್ಡಿನ ಫೋಟೋ, ಕರೆಂಟ್ ಬಿಲ್ಲು, ಅದರ ನಡುವೆ "ಶುಕ್ರವಾರ ಕೇಳಬೇಕು: ರಿಲೀಸ್ ಡೇಟ್", ಎಲ್ಲಾ ಸೇರಿ ಗಿರ್ಮಿಟ್ ಕಲಸಿದ ಹಾಗೆ ಆಗಿರುತ್ತದೆ. ವಾಯ್ಸ್ ನೋಟ್ ಅಂತೂ ಮತ್ತೆ ಕೇಳೋದೇ ಇಲ್ಲ. ತನ್ನದೇ ದನಿ ಕೇಳೋಕೆ ಯಾರಿಗೆ ಇಷ್ಟ? ಆಫೀಸಿಗೆ ಬಂದು ಚಹಾ ಕುಡಿಯುವ ಹೊತ್ತಿಗೆ ಅದನ್ನು ಡೈರಿಗೋ ಡಾಕ್‌ಗೋ ಇಳಿಸಿ ಅಳಿಸುವ ಅಭ್ಯಾಸ ಇದ್ದರೆ ಮಾತ್ರ ಇದು ಉಪಯೋಗ. ಮೀಟಿಂಗಿನಲ್ಲಿ ಕೂತು ಫೋನ್ ತೆಗೆದು ಇದನ್ನು ನೋಡೋದಂತೂ ಬೇಡವೇ ಬೇಡ. ಎದುರಿನವರಿಗೆ ನೀವು ಬೇರೆ ಯಾರದೋ ಮೆಸೇಜ್ ನೋಡ್ತಿದ್ದೀರಿ ಅಂತಲೇ ಕಾಣೋದು.

ರೆಡಿಮೇಡ್ ಪ್ರಶ್ನೆಗಳು ಮತ್ತು ಚಾಟ್‌ಜಿಪಿಟಿ

"ಒನ್ ಟು ಒನ್‌ನಲ್ಲಿ ಕೇಳಬೇಕಾದ 50 ಪ್ರಶ್ನೆಗಳು" ಅನ್ನುವ ಪಟ್ಟಿಗಳು ನೆಟ್‌ನಲ್ಲಿ ರಾಶಿ ಇವೆ, ಚಾಟ್‌ಜಿಪಿಟಿಗೆ ಹೇಳಿದರೆ ಇನ್ನೂ 50 ಕೊಡುತ್ತದೆ. ನನ್ನ ಪಟ್ಟಿಯಲ್ಲಿ ಇದಕ್ಕೆ ಕೊನೆಯ ಜಾಗ. "ಐದು ವರ್ಷದ ನಂತರ ನೀವು ಎಲ್ಲಿರಬೇಕು ಅಂತ ಇದ್ದೀರಿ?" ಅಂತ ಹಾವೇರಿ ಕಡೆಯ ಹುಡುಗಿಗೆ ಕೇಳಿದೆ. "ನೀವು ಹೇಳ್ದಂಗ್ರಿ ಮೇಡಂ" ಅಂದಳು. ಅವಳದ್ದೇನೂ ತಪ್ಪಿಲ್ಲ, ಅದು ಇಂಟರ್‌ವ್ಯೂ ಪ್ರಶ್ನೆ. ಅಂಥ ಪ್ರಶ್ನೆ ಕೇಳಿದ ಕೂಡಲೇ ಅವರು ಇಂಟರ್‌ವ್ಯೂ ಮುಖ ಹಾಕಿಕೊಂಡು ಕೂರುತ್ತಾರೆ.

ಕೆಲಸಕ್ಕೆ ಬರೋದು ಹಿಡಿದು ಕೇಳುವ ಪ್ರಶ್ನೆ. "ಹೋದ ವಾರ ಯಾವ ಕೆಲಸ ನಿನ್ನ ಟೈಮ್ ಸುಮ್ನೆ ತಿಂತು?" ಅಂತ ಕೇಳಿ ನೋಡಿ, ಉತ್ತರ ಬಂದೇ ಬರುತ್ತದೆ. "ಯಾರ ರಿಪ್ಲೈಗೆ ಕಾಯ್ತಾ ಕೂತಿದ್ದೀಯ?" ಇನ್ನೂ ಒಳ್ಳೆಯದು, ಅದಕ್ಕೆ ಬರೋ ಉತ್ತರದಲ್ಲಿ ನನ್ನ ಹೆಸರೇ ಇರೋದೂ ಉಂಟು. "ನಾನು ಹೇಳಿದ್ರಲ್ಲಿ ನಿನಗೆ ಸರಿ ಅನ್ನಿಸದೇ ಇರೋದು ಯಾವುದು?" ಅನ್ನೋದು ಸ್ವಲ್ಪ ದಿನ ಆದ ಮೇಲೆ ಕೇಳುವ ಪ್ರಶ್ನೆ, ಮೊದಲನೇ ತಿಂಗಳಲ್ಲೇ ಕೇಳಿದರೆ ಹೆದರುತ್ತಾರೆ. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕೂರಬೇಕು. ಉತ್ತರ ಮುಗಿಯಿತು ಅನ್ನಿಸಿದಾಗ ಇನ್ನೊಂದು ಪ್ರಶ್ನೆ ಕೇಳಿ ಅಂತ ಗ್ರೋವ್ ಅವರೂ ಹೇಳಿದ್ದಾರೆ. ನಮ್ಮ ಕಡೆ "ಮತ್ತ?" ಅಂದರೆ ಸಾಕು. ನಿಜವಾದ ವಿಷಯ ಬರೋದೇ ಆ "ಮತ್ತ" ಆದ ಮೇಲೆ.

ಚಾಟ್‌ಜಿಪಿಟಿಯನ್ನು ಒಂದಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ. ಕಷ್ಟದ ಮಾತು ಆಡೋದಿದ್ದರೆ, ಉದಾಹರಣೆಗೆ ಒಬ್ಬರ ಕೆಲಸ ಸರಿಯಿಲ್ಲ ಅಂತ ಹೇಳಬೇಕಾದರೆ, ಅದನ್ನೇ ಎದುರಿನವರ ಹಾಗೆ ಮಾತಾಡು ಅಂತ ಹೇಳಿ ಒಂದು ಸಲ ರಿಹರ್ಸಲ್ ಮಾಡುತ್ತೇನೆ. ಅದು ಎತ್ತುವ ಆಕ್ಷೇಪಗಳಲ್ಲಿ ಒಂದೆರಡು ನನಗೆ ಹೊಳೆಯದೇ ಇದ್ದವು ಇರುತ್ತವೆ. ಆದರೆ ನಮ್ಮವರ ಹಾಗೆ "ಆತ್ರಿ" ಅಂತ ಅಂದು ಒಳಗೇ ನೊಂದುಕೊಳ್ಳೋದು ಅದಕ್ಕೆ ಬರೋದಿಲ್ಲ, ಆ ತಯಾರಿ ನಾವೇ ಮಾಡಿಕೊಳ್ಳಬೇಕು. ಮತ್ತೆ ಅಲ್ಲಿ ಯಾರ ಹೆಸರನ್ನೂ, ಕ್ಲೈಂಟ್ ಹೆಸರನ್ನೂ ಹಾಕಬೇಡಿ. ಸಂಬಳದ ಅಂಕಿಯನ್ನಂತೂ ಹಾಕಲೇಬೇಡಿ.

ಜಾಗ ಮತ್ತು ಹೊತ್ತು

ತಯಾರಿ ಅಂದರೆ ಬರೆಯೋದು ಮಾತ್ರ ಅಲ್ಲ, ಎಲ್ಲಿ ಕೂರಬೇಕು ಅನ್ನೋದೂ ಅದರೊಳಗೇ ಬಂತು. ಗಾಜಿನ ಕ್ಯಾಬಿನ್, ನಮ್ಮ ಆಫೀಸಿನ ಹೆಮ್ಮೆ, ಇದಕ್ಕೆ ಅತಿ ಕೆಟ್ಟ ಜಾಗ. ಒಳಗೆ ಯಾರು ಮುಖ ಸಣ್ಣ ಮಾಡಿಕೊಂಡರು ಅಂತ ಹೊರಗಿನ ಎಲ್ಲರಿಗೂ ಕಾಣುತ್ತದೆ. ಬದಲಿಗೆ ತೋಳನಕೆರೆ ಸುತ್ತ ನಡೆಯುತ್ತಾ ಮಾತಾಡಿ ನೋಡಿದೆ. ಎದುರುಬದುರು ಕೂರೋದಿಲ್ಲವಾದ್ದರಿಂದ ಮಾತು ಸಲೀಸು. ಕ್ಯಾಬಿನ್‌ನಲ್ಲಿ ತಿಂಗಳುಗಟ್ಟಲೆ ಬಾರದ ಮಾತು ಅಲ್ಲಿ ಅರ್ಧ ಸುತ್ತಿಗೇ ಬಂದಿದ್ದಿದೆ. ಆದರೆ ನೋಟ್ಸ್ ತಗೊಳ್ಳೋಕೆ ಆಗೋದಿಲ್ಲ, ಡಾಕ್ ತೆರೆಯೋಕೆ ಆಗೋದಿಲ್ಲ, ಬೇಸಿಗೆಯಲ್ಲಿ ಬೆಳಿಗ್ಗೆ ಬಿಟ್ಟರೆ ಬಿಸಿಲು. ಡೈರಿಯ ಎಡಪುಟದ ವಿಷಯಗಳಿಗೆ ಕೆರೆ ದಂಡೆ, ಡಾಕ್‌ನ ವಿಷಯಗಳಿಗೆ ಮೇಜು, ಹೀಗೆ ಹಂಚಿಕೊಂಡಿದ್ದೇನೆ. ಕ್ಯಾಂಟೀನ್ ಬೇಡ. ಮಿರ್ಚಿ ಪ್ಲೇಟು ಬರುವ ಹೊತ್ತಿಗೆ ಪಕ್ಕದ ಟೇಬಲಿನವರೂ ಬಂದು ಸೇರಿಕೊಳ್ಳುತ್ತಾರೆ.

ಹೊತ್ತಿನ ವಿಷಯದಲ್ಲಿ ಒಂದೇ ಮಾತು. ರೈಲಿನಲ್ಲಿ ಓಡಾಡುವವರಿಗೆ ಸಂಜೆ ಐದರ ಮೇಲೆ ಒನ್ ಟು ಒನ್ ಇಡಬೇಡಿ. ಕಣ್ಣು ಗಡಿಯಾರದ ಮೇಲಿರುತ್ತದೆ, ಗಾಡಿ ತಪ್ಪಿದರೆ ಮನೆ ಸೇರೋದು ರಾತ್ರಿ. ಏನು ಕೇಳಿದರೂ "ಹೂಂ ರೀ" ಅನ್ನುತ್ತಾರೆ. ಹನ್ನೊಂದು ಗಂಟೆ ಒಳ್ಳೆಯದು, ಸ್ಟ್ಯಾಂಡ್-ಅಪ್ ಮುಗಿದಿರುತ್ತದೆ, ಹೊಟ್ಟೆಯೂ ಇನ್ನೂ ಹಸಿದಿರೋದಿಲ್ಲ.

ಕ್ಯಾನ್ಸಲ್ ಆದಾಗ

ಎಷ್ಟೇ ತಯಾರಿ ಮಾಡಿದರೂ ಮೀಟಿಂಗೇ ಕ್ಯಾನ್ಸಲ್ ಆಗೋದು ಇದ್ದದ್ದೇ. ಇಲ್ಲೂ ಡೈರಿ, ಡಾಕ್ ಬೇರೆ ಬೇರೆಯಾಗಿ ನಡೆದುಕೊಳ್ಳುತ್ತವೆ. ಬೆಂಗಳೂರಿನಿಂದ "ಇವತ್ತು ಆಗಲ್ಲ" ಅಂತ ಮೆಸೇಜ್ ಬಂದರೆ ನಾನು ಮೊದಲಿನ ಹಾಗೆ ಸುಮ್ಮನಿರೋದಿಲ್ಲ. "ಸರ್, ಡಾಕ್‌ನಲ್ಲಿ ಎರಡು ತೀರ್ಮಾನ ಇವೆ, ಟೈಮ್ ಸಿಕ್ಕಾಗ ಪಕ್ಕದಲ್ಲೇ ಹೌದು ಇಲ್ಲ ಅಂತ ಬರೆದುಬಿಡಿ" ಅಂತ ಹಾಕುತ್ತೇನೆ. ಸಂಜೆಯೊಳಗೆ ಉತ್ತರ ಬಂದಿರುತ್ತದೆ, ಎಷ್ಟೋ ಸಲ ಕಾಲ್ ಬೇಕಾಗೇ ಇರಲಿಲ್ಲ ಅನ್ನಿಸುತ್ತದೆ. ಡೈರಿಯಲ್ಲಿರುವ ವಿಷಯಕ್ಕೆ ಈ ಉಪಾಯ ನಡೆಯೋದಿಲ್ಲ. ಅದನ್ನು ಮೆಸೇಜಿನಲ್ಲಿ ಕೇಳೋಕೆ ಬರೋದಿಲ್ಲ, ಇನ್ನೂ ಹದಿನೈದು ದಿನ ಬಿಟ್ಟರೆ ಹಳಸಿಹೋಗುತ್ತದೆ. ಹಾಗಾಗಿ ಟೀಮಿನ ಯಾರ ಜೊತೆಗಾದರೂ ನಾನೇ ಮೀಟಿಂಗ್ ತಪ್ಪಿಸಬೇಕಾಗಿ ಬಂದರೆ, ಕ್ಯಾನ್ಸಲ್ ಬಟನ್ ಒತ್ತುವ ಮೊದಲು ಅವರ ಎಡಪುಟ ತೆಗೆದು ನೋಡುತ್ತೇನೆ. ಅದು ಖಾಲಿ ಇದ್ದರೆ ಮುಂದಿನ ವಾರಕ್ಕೆ ಹಾಕುತ್ತೇನೆ. ಒಂದು ಸಾಲಿದ್ದರೂ ಸರಿ, ನಾಳೆ ಬೆಳಿಗ್ಗೆ ಹನ್ನೊಂದಕ್ಕೇ ಇಡುತ್ತೇನೆ.